ಅರವತ್ತು ದಾಟಿದವರ ಮೊದಲ ಗೇಮ್ ಕನ್ಸೋಲ್: ಆಯ್ಕೆ, ಜೋಡಣೆ ಮತ್ತು ಮೊದಲ ತಿಂಗಳ ಅಭ್ಯಾಸ

ನಮ್ಮ ಕುಟುಂಬದಲ್ಲಿ ಮೊದಲ ಕನ್ಸೋಲ್, ಎಂದರೆ ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ, ಕೊಂಡದ್ದು ಅಣ್ಣನಿಗಾಗಿ. ಅವನಿಗೆ 71 ವರ್ಷ, ಸಕಲೇಶಪುರದ ಆಚೆ ತೋಟದ ಮನೆ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾದ ಫೆಬ್ರುವರಿಯಲ್ಲಿ ಹಾಸನಕ್ಕೆ ಬಂದಿದ್ದ. ನನ್ನ ಮೊಮ್ಮಗ ಮೊಬೈಲಿನಲ್ಲಿ ಕಾರು ಓಡಿಸುವ ಆಟ ಆಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಇದು ಟಿವಿಯಲ್ಲಿ ದೊಡ್ಡದಾಗಿ ಕಂಡರೆ ನಾನೂ ಕಲಿಯಬಹುದಿತ್ತು" ಎಂದ. ಆ ಮಾತಿನ ಮೇಲೆ ನಾನು ಅಂಗಡಿಗೆ ಹೋದೆ. ಬೆಲೆ ಕಡಿಮೆ ಇದ್ದ, ಗಾತ್ರದಲ್ಲಿ ಚಿಕ್ಕದಾದ ಯಂತ್ರವೊಂದನ್ನು ತೋರಿಸಿ, ಎಲ್ಲ ಆಟಗಳೂ ಇದರಲ್ಲೇ ಸಿಗುತ್ತವೆ ಎಂದರು ಅಂಗಡಿಯವರು. ಅದನ್ನೇ ಕೊಂಡುತಂದೆ.

ತೋಟದ ಮನೆಗೆ ಒಯ್ದು ಬಿಚ್ಚಿದಾಗ ಅದರಲ್ಲಿ ಡಿಸ್ಕ್ ಹಾಕುವ ಕಿಂಡಿಯೇ ಇರಲಿಲ್ಲ. ಪ್ರತಿಯೊಂದು ಆಟವನ್ನೂ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು. ಅಲ್ಲಿ ಇಂಟರ್‌ನೆಟ್ ಎಂದರೆ ಜಗುಲಿಯ ಒಂದು ಮೂಲೆಯಲ್ಲಿ ಸಿಗ್ನಲ್ ಹಿಡಿಯುವ ಮೊಬೈಲ್, ದಿನಕ್ಕೆ ಒಂದೂವರೆ ಜಿಬಿ. ಒಂದು ದೊಡ್ಡ ಆಟದ ಗಾತ್ರ 60 ಜಿಬಿ. ನಾನು ಬಹುಕಾಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಭಾಗಾಕಾರ ಮಾಡಲು ಕಾಗದ ಬೇಕಾಗಲಿಲ್ಲ. ನಲವತ್ತು ದಿನ, ಅದೂ ಆ ಮೊಬೈಲಿನಲ್ಲಿ ಬೇರೇನನ್ನೂ ನೋಡದಿದ್ದರೆ.

ಅದೇ ಯಂತ್ರ ಈಗ ಹಾಸನದ ನಮ್ಮ ಮನೆಯಲ್ಲಿ ಫೈಬರ್ ಸಂಪರ್ಕದೊಂದಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಅಣ್ಣನಿಗೆ ಬೇರೆ ಕಂಪನಿಯದನ್ನು ಕೊಡಿಸಿದೆ, ಅವನು ಅದನ್ನು ದಿನವೂ ಆಡುತ್ತಾನೆ. ಯಂತ್ರ ಕೆಟ್ಟದ್ದಾಗಿರಲಿಲ್ಲ, ಮನೆ ತಪ್ಪಾಗಿತ್ತು. ನಾನು ಆಡುವವರ ಕೈಯನ್ನೂ ಕಣ್ಣನ್ನೂ ನೋಡಲಿಲ್ಲ, ಮನೆಯ ಕರೆಂಟು ಮತ್ತು ನೆಟ್ಟನ್ನೂ ನೋಡಲಿಲ್ಲ. ಅವುಗಳನ್ನು ಮೊದಲು ನೋಡಿಕೊಂಡರೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಎಂಬ ಮೂರು ಕಂಪನಿಗಳ ಯಂತ್ರಗಳಲ್ಲಿ ಯಾವುದು ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅಂಗಡಿ ಬರುವುದು ಐದನೆಯ ಹೆಜ್ಜೆಯಲ್ಲಿ.

ಮೊದಲ ಹೆಜ್ಜೆ: ಕೈ ಮತ್ತು ಕಣ್ಣಿನ ಪರೀಕ್ಷೆ

ಅಡುಗೆಮನೆಯಿಂದ ಕಾಲು ಕಿಲೋ ಕಾಫಿಪುಡಿಯ ಪೊಟ್ಟಣ ತನ್ನಿ. ಆಡಲಿರುವವರು ಅದನ್ನು ಎರಡೂ ಕೈಗಳಲ್ಲಿ ಹಿಡಿದು, ಮೊಣಕೈಯನ್ನು ಕುರ್ಚಿಯ ತೋಳಿನ ಮೇಲಿಟ್ಟು, ಹದಿನೈದು ನಿಮಿಷ ಕೂರಲಿ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳು, ಎಂದರೆ ಕೈಯಲ್ಲಿ ಹಿಡಿದು ಆಟ ನಡೆಸುವ ಗುಂಡಿಗಳ ಸಾಧನಗಳು, ಸುಮಾರು 280 ಗ್ರಾಂ ತೂಗುತ್ತವೆ. ಪೊಟ್ಟಣಕ್ಕಿಂತ ತುಸು ಹೆಚ್ಚು. ಮಣಿಕಟ್ಟು ನೋಯದಿದ್ದರೆ ಅವೆರಡೂ ಸಾಗುತ್ತವೆ. ನೋವು ಬಂದರೆ ಬೇಸರ ಬೇಡ, ಹಗುರವಾದ ದಾರಿಯೂ ಇದೆ. ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಎಂಬ ಚಿಕ್ಕ ಕಂಟ್ರೋಲರ್‌ಗಳು ತಲಾ 50 ಗ್ರಾಂ ಆಸುಪಾಸು. ಎರಡನ್ನು ಎರಡು ಕೈಗಳಲ್ಲಿ ಬೇರೆಬೇರೆಯಾಗಿ ಹಿಡಿದು, ತೋಳನ್ನು ತೊಡೆಯ ಮೇಲೆ ಇಳಿಬಿಟ್ಟು ಆಡಬಹುದು. ಭುಜ ಗಟ್ಟಿಯಾಗಿರುವ ಅಣ್ಣನಿಗೆ ಒಪ್ಪಿದ್ದು ಇದೇ ಭಂಗಿ. ಆದರೆ ಒಂದೇ ಜಾಯ್‌ಕಾನ್ ಅನ್ನು ಅಡ್ಡ ಹಿಡಿದು ಆಡುವುದು ದೊಡ್ಡ ಬೆರಳಿನವರಿಗೆ ಹಿಂಸೆ. ಗುಂಡಿಗಳು ಹುರುಳಿಕಾಳಿಗಿಂತ ಅಷ್ಟೇನೂ ದೊಡ್ಡವಲ್ಲ.

ಎರಡನೆಯ ಪರೀಕ್ಷೆ ಹೆಬ್ಬೆರಳಿನದು. ಟಿವಿ ರಿಮೋಟನ್ನು ನೋಡದೆಯೇ ಧ್ವನಿ ಹೆಚ್ಚು ಕಡಿಮೆ ಮಾಡಲು ಹೇಳಿ. ಆಮೇಲೆ ಹೆಬ್ಬೆರಳನ್ನು ಮೇಜಿನ ಮೇಲೆ ವೃತ್ತಾಕಾರವಾಗಿ ತಿರುಗಿಸುತ್ತಲೇ ಅದೇ ಕೈಯ ತೋರುಬೆರಳನ್ನು ಮಡಿಸಿ ಬಿಡಿಸಲು ಹೇಳಿ. ಕಂಟ್ರೋಲರಿನಲ್ಲಿ ಕೈ ಮಾಡುವ ಕೆಲಸವೆಲ್ಲ ಇವೆರಡರಲ್ಲಿ ಇದೆ. ಬೆರಳು ಗಂಟು ಹಿಡಿದಿದ್ದರೆ, ಮಡಿಸಿದ ಬೆರಳು ಸಿಕ್ಕಿಕೊಳ್ಳುವ ತೊಂದರೆ ಇದ್ದರೆ, ಗುಂಡಿಯನ್ನು ಪಟಪಟನೆ ಒತ್ತಬೇಕಾದ ಆಟಗಳನ್ನು ಈಗಲೇ ಪಟ್ಟಿಯಿಂದ ತೆಗೆಯಿರಿ. ಕೈಯ ಮೂಳೆ, ಕೀಲು ಅಥವಾ ಸ್ನಾಯುಗಳ ತೊಂದರೆ ಇರುವವರು ಕಂಟ್ರೋಲರಿನ ಕಂಪನವನ್ನು ಬಳಸಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆರಿಸಬಹುದು. ಪೇಸ್‌ಮೇಕರ್ ಇರುವವರು, ಹಿಂದೆ ಮೂರ್ಛೆ ಬಂದವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಕಣ್ಣಿಗೆ ಸುಲಭದ ಪರೀಕ್ಷೆ: ದಿನವೂ ಕೂರುವ ಜಾಗದಲ್ಲೇ ಕೂತು, ಸುದ್ದಿ ವಾಹಿನಿಯ ಕೆಳಗೆ ಓಡುವ ಅಕ್ಷರಗಳನ್ನು ಓದಲಿ. ಓದಲಾಗದಿದ್ದರೆ ಆಟದ ಅಕ್ಷರಗಳೂ ಕಾಣುವುದಿಲ್ಲ, ಏಕೆಂದರೆ ಅನೇಕ ಆಟಗಳಲ್ಲಿ ಅವು ಇನ್ನೂ ಸಣ್ಣವು. ಹೊಸ ಟಿವಿಗೆ ಹಣ ಹಾಕುವ ಮೊದಲು ಕುರ್ಚಿಯನ್ನು ಟಿವಿಯಿಂದ ಐದಾರು ಅಡಿಯಷ್ಟು ಹತ್ತಿರಕ್ಕೆ ಎಳೆದುಕೊಂಡು ನೋಡಿ.

ಎರಡನೆಯ ಹೆಜ್ಜೆ: ಮನೆಯ ಕರೆಂಟು, ನೆಟ್, ಟಿವಿ

ಮಲೆನಾಡಿನವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಕನ್ಸೋಲುಗಳ ಬಗ್ಗೆ ಬರುವ ಲೇಖನಗಳು ಸಾಮಾನ್ಯವಾಗಿ ಕರೆಂಟು ಹೋಗದ ಊರಿನವರಿಗಾಗಿ ಬರೆದಂತಿರುತ್ತವೆ.

ಪ್ಲೇಸ್ಟೇಷನ್ 5 ದೊಡ್ಡ ಆಟವನ್ನು ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನೂರು ವ್ಯಾಟ್‌ನೊಳಗೇ ಇರುತ್ತದೆ. ಸ್ವಿಚ್ ಟಿವಿಗೆ ಜೋಡಿಸಿದಾಗಲೂ 20 ವ್ಯಾಟ್ ಮುಟ್ಟುವುದು ಅಪರೂಪ. ಇನ್ವರ್ಟರ್ ಇರುವ ಮನೆಯಲ್ಲಿ ಫ್ಯಾನು, ದೀಪಗಳ ಜೊತೆಗೆ ಟಿವಿ ಮತ್ತು ಪ್ಲೇಸ್ಟೇಷನ್ ಸೇರಿದರೆ ಬ್ಯಾಟರಿ ಬೇಗ ಬಸಿಯುತ್ತದೆ. ಕರೆಂಟು ಹೋದ ಮೇಲೆ ಇನ್ವರ್ಟರಿನಲ್ಲಿ ಆಟ ಮುಂದುವರಿಸುವ ಬದಲು, ಆಟವನ್ನು ಉಳಿಸಿ (ಸೇವ್ ಮಾಡಿ) ಯಂತ್ರವನ್ನು ಕ್ರಮವಾಗಿ ಆರಿಸಲು ಆ ಸಮಯವನ್ನು ಬಳಸಿ. ಬಹಳಷ್ಟು ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಕರೆಂಟು ಬದಲಾಗುವ ಕ್ಷಣದ ಅಂತರ ಕಡಿಮೆಯಾಗಿ, ಕನ್ಸೋಲ್ ಅರ್ಧದಲ್ಲಿ ನಿಲ್ಲುವ ಸಾಧ್ಯತೆಯೂ ತಗ್ಗುತ್ತದೆ. ಇನ್ವರ್ಟರ್ ಸೈನ್ ವೇವ್ ಮಾದರಿಯದ್ದಾದರೆ ಒಳ್ಳೆಯದು.

ಆಟ ಉಳಿಯುತ್ತಿರುವಾಗಲೇ ಕರೆಂಟು ಹೋದರೆ ದತ್ತಾಂಶ ಕೆಡಬಹುದು. ಪ್ಲೇಸ್ಟೇಷನ್‌ನಲ್ಲಿ ಕಿತ್ತಳೆ ದೀಪ ಉರಿಯುತ್ತಿದ್ದರೆ ಯಂತ್ರ ಆರಿಲ್ಲ, ಮಲಗಿದೆ ಎಂದು ಅರ್ಥ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಮನೆಯಲ್ಲಿ ಅದನ್ನು ಹಾಗೆ ಮಲಗಿಸಬೇಡಿ, ಪೂರ್ತಿ ಆರಿಸಿ. ಸ್ವಿಚ್‌ಗೆ ಈ ತೊಂದರೆ ಕಡಿಮೆ, ಏಕೆಂದರೆ ಅದರೊಳಗೇ ಬ್ಯಾಟರಿ ಇದೆ. ಟಿವಿ ಆರಿದರೆ ಯಂತ್ರವನ್ನು ತೊಟ್ಟಿಲಿನಂಥ ಅದರ ಡಾಕ್‌ನಿಂದ ಎತ್ತಿಕೊಂಡು, ಅದರದೇ ಪರದೆಯಲ್ಲಿ ಆಟ ಮುಂದುವರಿಸಬಹುದು. ಸ್ವಿಚ್‌ನ ಓಎಲ್‌ಇಡಿ ಎಂಬ ಮಾದರಿಯ ಪರದೆ 7 ಇಂಚು; ಬ್ಯಾಟರಿ ಆಟಕ್ಕೆ ತಕ್ಕಂತೆ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರುತ್ತದೆಂದು ಕಂಪನಿ ಹೇಳುತ್ತದೆ. ಪುಷ್ಯ ಮಳೆ ಜಡಿಯುವಾಗ ಎರಡು ದಿನ ಕರೆಂಟು ಕಾಣದ ತೋಟದ ಮನೆಗೆ ಇದಕ್ಕಿಂತ ದೊಡ್ಡ ಗುಣ ಯಾವುದೂ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನೆಟ್ಟಿನ ಲೆಕ್ಕ ಆಗಲೇ ಹೇಳಿದೆ. ಪಟ್ಟಣದಲ್ಲಿ 40 ಎಂಬಿಪಿಎಸ್ ಫೈಬರ್ ಇದ್ದರೆ ಅದೇ 60 ಜಿಬಿ ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಮೊಬೈಲ್ ಡೇಟಾ ಮಾತ್ರ ಇರುವ ಕಡೆ ಡಿಸ್ಕ್ ಅಥವಾ ಕಾರ್ಡ್ ಹಾಕುವ ಯಂತ್ರವೇ ಬೇಕು. ಇದರಲ್ಲಿ ರಾಜಿ ಬೇಡ.

ಟಿವಿಯ ಹಿಂದೆ ಎಚ್‌ಡಿಎಂಐ ಕಿಂಡಿ ಖಾಲಿ ಇದೆಯೇ ನೋಡಿ. ಸೆಟ್‌ಟಾಪ್ ಬಾಕ್ಸ್ ಒಂದನ್ನು ಹಿಡಿದಿರುತ್ತದೆ. ಹಳೆಯ ಡಬ್ಬಿ ಟಿವಿಗೆ ಈಗಿನ ಯಾವ ಕನ್ಸೋಲೂ ನೇರವಾಗಿ ಜೋಡಣೆಯಾಗುವುದಿಲ್ಲ.

ಮೂರನೆಯ ಹೆಜ್ಜೆ: ಆಟ ಆರಿಸಿ, ಯಂತ್ರ ಆಮೇಲೆ

"ನಿಮಗೆ ಯಾವ ಗೇಮ್ ಇಷ್ಟ?" ಎಂದು ಕೇಳಬೇಡಿ, ಹೊಸಬರಿಗೆ ಹೇಗೆ ಗೊತ್ತಿರಬೇಕು? ಚಿಕ್ಕಂದಿನಲ್ಲಿ ಏನಾಡುತ್ತಿದ್ದಿರಿ, ಸಂಜೆ ಏನು ಮಾಡಿದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದು ಕೇಳಿ. ಚೌಕಾಬಾರ, ಅಳಿಗುಳಿಮಣೆ ಎಂದವರಿಗೆ ಸರದಿಯಂತೆ ಆಡುವ, ಯೋಚಿಸಲು ಸಮಯ ಕೊಡುವ ಆಟ ಬೇಕು. ಗಿಲ್ಲಿದಾಂಡು, ವಾಲಿಬಾಲ್ ಎಂದವರಿಗೆ ಕೈ ಬೀಸುವ ಆಟ. ಜೀಪು ಓಡಿಸುವುದೆಂದರೆ ಪ್ರಾಣ ಎನ್ನುವವರಿಗೆ ಕಾರಿನ ಆಟ. ಗಿಡ ನೆಟ್ಟು ನೀರು ಹಾಕುತ್ತಾ ಕೂರುವವರಿಗೂ ಆಟವಿದೆ.

ಇನ್ನೊಂದು ಮುಖ್ಯ ಸಂಗತಿ. ಈ ಮೂರು ಕಂಪನಿಗಳ ಯಾವ ಯಂತ್ರದಲ್ಲೂ ಕನ್ನಡದ ಪರದೆ ಇಲ್ಲ. ಇಂಗ್ಲಿಷ್ ಓದಲು ತಡವರಿಸುವವರಿಗೆ ಮಾತು ಕಡಿಮೆ ಇರುವ ಆಟಗಳನ್ನೇ ಆರಿಸಿ. ಕಥೆ ಓದುತ್ತಾ ಸಾಗುವ ಆಟ ಎಷ್ಟೇ ಹೆಸರಾಗಿದ್ದರೂ ಬೇಡ.

ನಾವು ಆಡಿ ನೋಡಿದವುಗಳಲ್ಲಿ ಹೊಸಬರಿಗೆ ನಿಜಕ್ಕೂ ಒದಗುವ ಕೆಲವನ್ನು ಹೇಳುತ್ತೇನೆ. ಮಾರಿಯೊ ಕಾರ್ಟ್ 8 ಡಿಲಕ್ಸ್ ಸ್ವಿಚ್‌ನಲ್ಲಿ ಇದೆ. ಇದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಎಂಬ ಸಹಾಯ ಹಾಕಿದರೆ ಗಾಡಿ ದಾರಿ ಬಿಟ್ಟು ಕೆಳಗೆ ಬೀಳುವುದಿಲ್ಲ. ಇನ್ನೊಂದನ್ನು ಹಾಕಿದರೆ ತಾನಾಗಿಯೇ ಮುಂದೆ ಓಡುತ್ತದೆ. ಕಲಿಯುವವರು ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯನ್ನು (ಸ್ಟಿಕ್) ಎಡ ಬಲ ಮಾಡಿದರೆ ಸಾಕು, ಮೊಮ್ಮಕ್ಕಳ ಜೊತೆ ಅದೇ ದಿನ ಪಂದ್ಯಕ್ಕೆ ಇಳಿಯಬಹುದು. 2023ರಲ್ಲಿ ಬಂದ ಸೂಪರ್ ಮಾರಿಯೊ ಬ್ರದರ್ಸ್ ವಂಡರ್‌ನಲ್ಲಿ ಯೋಶಿ ಅಥವಾ ನ್ಯಾಬಿಟ್ ಎಂಬ ಪಾತ್ರ ಆರಿಸಿಕೊಂಡರೆ ಶತ್ರುಗಳು ತಾಗಿದರೂ ಏನೂ ಆಗುವುದಿಲ್ಲ; ಹಳ್ಳಕ್ಕೆ ಬೀಳದಂತೆ ನೋಡಿಕೊಂಡರಾಯಿತು. ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್‌ನ ಬೌಲಿಂಗ್ ಅನ್ನು ಕುರ್ಚಿಯಲ್ಲಿ ಕೂತೇ ಆಡಬಹುದು. ಮಣಿಕಟ್ಟಿನ ಪಟ್ಟಿ ಕಟ್ಟಿಕೊಳ್ಳಲೇಬೇಕು. ಕೈಜಾರಿದರೆ ಟಿವಿಯ ಗಾಜಿಗೆ ಅಪಾಯ.

ಕಾರುಗಳ ಆಸೆ ಇದ್ದವರಿಗೆ ಫೋರ್ಜಾ ಹೊರೈಜನ್ 5. ಬ್ರೇಕು, ಸ್ಟೀರಿಂಗು ಎರಡಕ್ಕೂ ಸಹಾಯವಿದೆ, ಒಬ್ಬರೇ ಆಡುವಾಗ ಆಟದ ವೇಗವನ್ನೇ ತಗ್ಗಿಸಬಹುದು. ಕನ್ಸೋಲುಗಳಲ್ಲಿ ಮೊದಲು ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಇತ್ತು, 2025ರಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. ನಾನು ಹಾಸನದಲ್ಲಿ ಸಂಜೆ ಆಡುವುದು ಇದನ್ನೇ, ಪಂದ್ಯಕ್ಕೆ ಸೇರದೆ ಸುಮ್ಮನೆ ರಸ್ತೆ ಹಿಡಿದು ಹೋಗುತ್ತೇನೆ. ಕಥೆ ನಡೆಯುವುದು ಮೆಕ್ಸಿಕೊದಲ್ಲಿ. ಅಲ್ಲಿನ ಮಳೆ ಬೀಳುವ ಕಾಡುರಸ್ತೆ ಬಂದಾಗ ಶಿರಾಡಿ ಘಾಟಿಯ ನೆನಪಾಗುತ್ತದೆ.

ಸ್ಟಾರ್‌ಡ್ಯೂ ವ್ಯಾಲಿ ಒಬ್ಬರೇ ವ್ಯಕ್ತಿ ರೂಪಿಸಿದ, 2016ರಲ್ಲಿ ಬಂದ ಬೇಸಾಯದ ಆಟ. ಮೂರೂ ಯಂತ್ರಗಳಲ್ಲಿ ಸಿಗುತ್ತದೆ. ಅದರಲ್ಲಿ ಕಾಫಿಯನ್ನೂ ಬೆಳೆಯಬಹುದು, ಹತ್ತೇ ದಿನಕ್ಕೆ ಫಸಲು. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದು ಮೊದಲ ಕೊಯ್ಲು ಕಂಡ ಅಣ್ಣ ಅದನ್ನು ನೋಡಿ ಬಹಳ ಹೊತ್ತು ನಕ್ಕ. ಆಮೇಲೆ ಇಡೀ ಹೊಲಕ್ಕೆ ಕಾಫಿಯನ್ನೇ ಹಾಕಿದ. ಎರಡು ಎಚ್ಚರಿಕೆ: ಅಕ್ಷರಗಳು ಸಣ್ಣವು, ಓದುವುದೂ ಇದೆ. ಆಟದ ಒಂದು ದಿನ ಸುಮಾರು 14 ನಿಮಿಷದಲ್ಲಿ ಮುಗಿಯುವುದರಿಂದ ಮೊದಮೊದಲು ಗಡಿಬಿಡಿ ಎನಿಸುತ್ತದೆ. ಆದ್ದರಿಂದ ಇದು ಎರಡನೆಯ ತಿಂಗಳಿನ ಆಟ.

ಕ್ರಿಕೆಟ್ ಆಟವನ್ನೇ ಮೊದಲು ಕೊಡಿಸುವ ಆಸೆ ಬಹಳ ಮನೆಗಳಲ್ಲಿ ಇರುತ್ತದೆ. ನನ್ನ ಸಲಹೆ, ತಡೆಯಿರಿ. ಕ್ರಿಕೆಟ್ 24ರಂಥ ಆಟದಲ್ಲಿ ಒಂದು ಹೊಡೆತಕ್ಕೆ ಕಡ್ಡಿ, ಗುಂಡಿ, ಸಮಯ ಮೂರೂ ಕೂಡಿಬರಬೇಕು. ನಿಜವಾದ ಆಟವನ್ನು ಅರೆದು ಕುಡಿದವರು ಇಲ್ಲಿ ಮೊದಲ ಎಸೆತಕ್ಕೇ ಔಟಾದರೆ ಕಂಟ್ರೋಲರ್ ಕೆಳಗಿಟ್ಟು ಎದ್ದುಹೋಗುತ್ತಾರೆ. ಪಾತ್ರದ ಕಣ್ಣಿನಿಂದಲೇ ನೋಡುತ್ತಾ, ಓಡುತ್ತಾ ಗುಂಡು ಹಾರಿಸುವ ಆಟಗಳೂ ಈಗ ಬೇಡ. ಬಹಳ ಜನಕ್ಕೆ ಹತ್ತು ನಿಮಿಷದಲ್ಲೇ ತಲೆ ಸುತ್ತುತ್ತದೆ.

ನಾಲ್ಕನೆಯ ಹೆಜ್ಜೆ: ಮೂರು ಯಂತ್ರಗಳಲ್ಲಿ ಒಂದು

ಈಗ ಹೆಸರುಗಳಿಗೆ ಬರೋಣ. ಗುಂಡಿಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ದಿನವೂ ಮುಟ್ಟುವುದು ಅವನ್ನೇ.

ಪ್ಲೇಸ್ಟೇಷನ್‌ನ ನಾಲ್ಕು ಗುಂಡಿಗಳ ಮೇಲೆ ಅಕ್ಷರಗಳಿಲ್ಲ. ತ್ರಿಕೋನ, ಚೌಕ, ವೃತ್ತ, ಗುಣಾಕಾರದ ಚಿಹ್ನೆ ಇವೆ. ಇಂಗ್ಲಿಷ್ ಬಾರದವರಿಗೆ ಇದು ವರ. "ಚೌಕ ಒತ್ತಿ" ಎಂದರೆ ಸಾಕು. ಎಕ್ಸ್‌ಬಾಕ್ಸ್‌ನಲ್ಲಿ ಅಕ್ಷರಗಳಿವೆ, ಜೊತೆಗೆ ಬಣ್ಣಗಳೂ ಇವೆ: ಎ ಹಸಿರು, ಬಿ ಕೆಂಪು, ಎಕ್ಸ್ ನೀಲಿ, ವೈ ಹಳದಿ. ಸ್ವಿಚ್‌ನಲ್ಲಿ ಬರಿಯ ಅಕ್ಷರಗಳು, ಅವುಗಳ ಜಾಗವೂ ಎಕ್ಸ್‌ಬಾಕ್ಸ್‌ಗೆ ಅದಲುಬದಲು. ಮನೆಯಲ್ಲಿ ಮೊಮ್ಮಗನ ಹತ್ತಿರ ಒಂದು ಕಂಪನಿಯದು ಈಗಾಗಲೇ ಇದ್ದರೆ ಹಿರಿಯರಿಗೂ ಅದನ್ನೇ ಕೊಡಿಸುವುದಕ್ಕೆ ಇದೂ ಒಂದು ಕಾರಣ. ಹೇಳಿಕೊಡುವವನ ನಾಲಿಗೆ ತಡವರಿಸುವುದಿಲ್ಲ.

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿಯಲ್ಲಿ. ತೆಳು ಮಾದರಿ 2024ರ ಏಪ್ರಿಲ್‌ನಲ್ಲಿ ಬಂದಾಗ ಡಿಸ್ಕ್ ಇರುವುದಕ್ಕೆ 54,990 ರೂಪಾಯಿ, ಇಲ್ಲದ್ದಕ್ಕೆ 44,990 ರೂಪಾಯಿ ಇತ್ತು. ಹಿರಿಯರಿಗೆ ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳಿ. ಪ್ಲೇಸ್ಟೇಷನ್ 4ರ ಬಹುಪಾಲು ಡಿಸ್ಕ್‌ಗಳು ಇದರಲ್ಲೂ ಓಡುವುದರಿಂದ ಕೈಬದಲಾದ ಹಳೆಯ ಡಿಸ್ಕ್‌ಗಳನ್ನು ಕಡಿಮೆ ಬೆಲೆಗೆ ಕೊಳ್ಳಬಹುದು. ಯಂತ್ರದೊಳಗೇ ಆಸ್ಟ್ರೋಸ್ ಪ್ಲೇರೂಮ್ ಎಂಬ ಆಟ ಉಚಿತವಾಗಿ ಬಂದಿರುತ್ತದೆ. ಕಂಟ್ರೋಲರ್ ಕಲಿಸಲೆಂದೇ ಮಾಡಿದಂತಿರುವ, ಮಾತು ಬಹಳ ಕಡಿಮೆ ಇರುವ, ಮುದ್ದಾದ ಆಟ. ಚಿಕ್ಕಮಗಳೂರಿನ ತಂಗಿಯ ಮನೆಯಲ್ಲಿ ಇರುವುದು ಈ ಯಂತ್ರವೇ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ 34,990 ರೂಪಾಯಿಗೆ ಬಂತು. ಡಿಸ್ಕ್ ಇಲ್ಲ, ಮುಂದೆಯೂ ಜೋಡಿಸಲಾಗದು. ಒಳ್ಳೆಯ ನೆಟ್ ಇದ್ದರೆ, ಗೇಮ್ ಪಾಸ್ ಎಂಬ ಚಂದಾ ಕಟ್ಟಿ ನೂರಾರು ಆಟಗಳನ್ನು ರುಚಿ ನೋಡಬಹುದು. ಯಾವುದು ಇಷ್ಟವೆಂದೇ ತಿಳಿಯದ ಹೊಸಬರಿಗೆ ಇದು ಸಣ್ಣ ಅನುಕೂಲವಲ್ಲ. ಇನ್ನೊಂದು ಗುಣ: ಕಂಟ್ರೋಲರಿಗೆ ಎರಡು ಎಎ ಸೆಲ್ ಸಾಕು, ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಸ್ವಿಚ್‌ನ ವಿಷಯದಲ್ಲಿ ಒಂದು ಗಂಭೀರ ಮಾತು. ನಿಂಟೆಂಡೊ ಕಂಪನಿ ಸ್ವಿಚ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದು ಹೊರಗಿನಿಂದ ತರಿಸಿದ ಮಾಲು. ಖಾತರಿ ಏನಿದ್ದರೂ ಅಂಗಡಿಯವರದು. ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಜಾಯ್‌ಕಾನ್‌ನ ಕಡ್ಡಿ ಕಾಲಕ್ರಮೇಣ ಸಡಿಲಾಗಿ, ಮುಟ್ಟದೆಯೇ ಪಾತ್ರ ತಾನಾಗಿ ಸರಿಯುವ ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದು, ಅದಕ್ಕೂ ಸ್ವಲ್ಪ ಹಣ ತೆಗೆದಿಡಿ. ಲೈಟ್ ಎಂಬ ಅಗ್ಗದ ಮಾದರಿ ಟಿವಿಗೆ ಜೋಡಣೆಯಾಗುವುದಿಲ್ಲ, ಪರದೆ 5.5 ಇಂಚು ಮಾತ್ರ. ಹಿರಿಯರಿಗೆ ಅದು ಬೇಡ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಪರದೆ 7.9 ಇಂಚು, ಆದರೆ ತೂಕ ಅರ್ಧ ಕಿಲೋ ದಾಟುತ್ತದೆ. ಕೈಯಲ್ಲಿ ಹಿಡಿದು ಆಡುವವರು ಒಮ್ಮೆ ಎತ್ತಿ ನೋಡಲಿ. ಸ್ವಿಚ್‌ನ ಆಟದ ಕಾರ್ಡ್‌ಗಳನ್ನು ಸಾಮಾನ್ಯವಾಗಿ ಹಾಕಿದ ಕೂಡಲೇ ಆಡಬಹುದು, ಇಳಿಸುವ ಗೋಜಿಲ್ಲ. ಸ್ವಿಚ್ 2ರಲ್ಲಿ ಮಾತ್ರ ಗೇಮ್ ಕೀ ಕಾರ್ಡ್ ಎಂಬ ಬಗೆಯೂ ಇದೆ. ಅದರೊಳಗೆ ಆಟ ಇರುವುದಿಲ್ಲ, ನೆಟ್‌ನಿಂದಲೇ ಇಳಿಸಬೇಕು. ಪೆಟ್ಟಿಗೆಯ ಮುಂಬದಿಯಲ್ಲಿ ಕೆಳಗೆ ಅದನ್ನು ಮುದ್ರಿಸಿರುತ್ತಾರೆ, ಓದಿಯೇ ಕೊಳ್ಳಿ.

ಹಾಗಾದರೆ ಯಾವುದು? ನೆಟ್ ದುರ್ಬಲ, ಕರೆಂಟು ಚಂಚಲ, ಕೈ ನೋಯುತ್ತದೆ, ಮೊಮ್ಮಕ್ಕಳ ಜೊತೆ ಆಡುವ ಆಸೆ: ಸ್ವಿಚ್ ಓಎಲ್‌ಇಡಿ. ಪಟ್ಟಣದ ಮನೆ, ಇಂಗ್ಲಿಷ್ ಅಕ್ಷರಗಳ ಅಳುಕು, ಖಾತರಿಯ ನೆಮ್ಮದಿ ಬೇಕು: ಡಿಸ್ಕ್ ಇರುವ ಪ್ಲೇಸ್ಟೇಷನ್ 5. ಒಳ್ಳೆಯ ಫೈಬರ್ ಇದೆ, ಹಣ ಮಿತ, ಹಲವು ಆಟ ನೋಡುವ ಕುತೂಹಲ: ಸೀರೀಸ್ ಎಸ್. ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಕೈಬದಲಾದ ಪ್ಲೇಸ್ಟೇಷನ್ 4 ಒಳ್ಳೆಯ ಪ್ರಯೋಗ. 2013ರ ಯಂತ್ರವಾದರೂ ಅದರ ಆಟಗಳ ಭಂಡಾರ ದೊಡ್ಡದು.

ಐದನೆಯ ಹೆಜ್ಜೆ: ಖರೀದಿ

ಆಡುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಕಂಟ್ರೋಲರನ್ನು ಅವರ ಕೈಗೆ ಕೊಡಿಸಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಮೂರೂ ಯಂತ್ರ ಒಂದೇ ಅಂಗಡಿಯಲ್ಲಿ ಸಿಗದಿದ್ದರೆ, ಆಡುವ ಹುಡುಗರಿರುವ ನೆಂಟರ ಮನೆಗೆ ಹೋಗಿ ಅರ್ಧ ಗಂಟೆ ಹಿಡಿದು ನೋಡುವುದು ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಡಿಸ್ಕ್ ಇದೆಯೇ? ಖಾತರಿ ಯಾರದು? ಕೆಟ್ಟರೆ ಇಲ್ಲೇ ಕೊಡಬಹುದೇ, ಬೆಂಗಳೂರಿಗೆ ಕಳಿಸಬೇಕೇ?

ಹಳೆಯದನ್ನು ಕೊಳ್ಳುವುದಾದರೆ ಡಿಸ್ಕ್ ಹಾಕಿ ತೆಗೆದು ನೋಡಿ, ಹದಿನೈದು ನಿಮಿಷ ಆಟ ಓಡಿಸಿ ಫ್ಯಾನಿನ ಸದ್ದು ಕೇಳಿ, ಕಡ್ಡಿ ಬಿಟ್ಟಾಗ ಪಾತ್ರ ನಿಲ್ಲುತ್ತದೆಯೇ ಗಮನಿಸಿ. ಹಿಂದಿನವರ ಖಾತೆಯನ್ನು ನಿಮ್ಮ ಎದುರೇ ಅಳಿಸಿಸಿ.

ಎರಡನೆಯ ಕಂಟ್ರೋಲರ್ ಮೊದಲ ದಿನವೇ ಬೇಕು, ಕಾರಣ ಮುಂದೆ ಬರುತ್ತದೆ. ಹೆಡ್‌ಸೆಟ್, ಚಾರ್ಜಿಂಗ್ ಗೂಡು, ಬಣ್ಣದ ಹೊದಿಕೆ ಯಾವುದೂ ಬೇಡ. ಆ ಹಣದಲ್ಲಿ ಒಳ್ಳೆಯ ಸ್ಪೈಕ್ ಗಾರ್ಡ್ ತನ್ನಿ; ವೋಲ್ಟೇಜ್ ಏರಿಳಿತ ಹೆಚ್ಚಿರುವ ಕಡೆ ಸ್ಟೆಬಿಲೈಸರ್. ಹೊರಗಿನಿಂದ ಬಂದ ಸ್ವಿಚ್‌ನ ಅಡಾಪ್ಟರ್ ನಮ್ಮ 230 ವೋಲ್ಟ್‌ಗೆ ಹೊಂದುತ್ತದೆ, ಪಿನ್ ಮಾತ್ರ ಬೇರೆಯಾಗಿರುತ್ತದೆ. ಸಡಿಲವಾಗದ ಪರಿವರ್ತಕ ಪಿನ್ ಹಾಕಿ.

ಆರನೆಯ ಹೆಜ್ಜೆ: ಹಿರಿಯರು ಕೂರುವ ಮೊದಲೇ ಎಲ್ಲ ಸಿದ್ಧವಾಗಿರಲಿ

ಹೊಸ ಯಂತ್ರ ತೆರೆದ ಕೂಡಲೇ ಅಪ್‌ಡೇಟ್ ಕೇಳುತ್ತದೆ, ಖಾತೆ ಕೇಳುತ್ತದೆ, ಇಮೇಲ್ ಕೇಳುತ್ತದೆ. ಇದನ್ನೆಲ್ಲ ನೋಡುತ್ತಾ ಒಂದೂವರೆ ಗಂಟೆ ಕೂತವರಿಗೆ ಉತ್ಸಾಹ ಉಳಿಯುವುದಿಲ್ಲ. ನೆಟ್ ಚೆನ್ನಾಗಿರುವ ಮನೆಯಲ್ಲಿ ಹಿಂದಿನ ದಿನವೇ ಮುಗಿಸಿ, ಆಟವನ್ನೂ ಹಾಕಿಟ್ಟು, ಆಮೇಲೆ ಒಯ್ಯಿರಿ. ಪ್ಲೇಸ್ಟೇಷನ್ ಖಾತೆಯಲ್ಲಿ ಒಮ್ಮೆ ಆರಿಸಿದ ದೇಶವನ್ನು ಬದಲಿಸಲಾಗದು, ಭಾರತವನ್ನೇ ಆರಿಸಿ. ಕೊಳ್ಳುವ ಮೊದಲು ಪಾಸ್‌ವರ್ಡ್ ಕೇಳುವಂತೆ ಮಾಡಿ, ಅಪರಿಚಿತರ ಸಂದೇಶ ಬಾರದಂತೆ ಮುಚ್ಚಿ. ಉಚಿತ ಬಹುಮಾನದ ಸಂದೇಶ ಬಂದರೆ ಒಟಿಪಿ ಹೇಳಬಾರದೆಂದು ಮೊದಲೇ ತಿಳಿಸಿ.

ಪ್ಲೇಸ್ಟೇಷನ್ 5ರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗಕ್ಕೆ ಹೋಗಿ ಅಕ್ಷರದ ಗಾತ್ರ ಹೆಚ್ಚಿಸಿ, ಬಣ್ಣದ ವ್ಯತ್ಯಾಸ ಗಾಢವಾಗಿಸಿ, ಪರದೆ ಹಿಗ್ಗಿಸುವ ಆಯ್ಕೆ ಹಾಕಿ. ಎಕ್ಸ್‌ಬಾಕ್ಸ್‌ನಲ್ಲೂ ಹಿಗ್ಗಿಸುವ ಭೂತಗನ್ನಡಿ ಇದೆ. ಸ್ವಿಚ್‌ನಲ್ಲಿ ಝೂಮ್ ಆಯ್ಕೆ ಹಾಕಿಟ್ಟರೆ ಹೋಮ್ ಗುಂಡಿಯನ್ನು ಎರಡು ಸಲ ಒತ್ತಿ ಪರದೆ ಹಿಗ್ಗಿಸಬಹುದು. ಮೂರರಲ್ಲೂ ಗುಂಡಿಗಳ ಕೆಲಸ ಅದಲುಬದಲು ಮಾಡಬಹುದು. ನೋಯುವ ಬೆರಳಿನ ಕೆಲಸವನ್ನು ನೋಯದ ಬೆರಳಿಗೆ ಕೊಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ವಿಳಂಬವಾಗಿ, ತಪ್ಪು ತಮ್ಮದೇ ಎಂದು ಹಿರಿಯರು ಅಂದುಕೊಳ್ಳುತ್ತಾರೆ.

ಟಿವಿ ರಿಮೋಟಿನಲ್ಲಿ ಇನ್‌ಪುಟ್ ಬದಲಿಸುವ ಗುಂಡಿಯ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿ. ಕಂಟ್ರೋಲರಿನ ಆನ್ ಗುಂಡಿಯ ಪಕ್ಕದಲ್ಲಿ ಇನ್ನೊಂದು. ಬೆರಳಿಗೆ ಸಿಗುತ್ತದೆ, ಕಣ್ಣಿಗೂ ಕಾಣುತ್ತದೆ. ಆನ್ ಮಾಡುವ, ಆಟ ತೆರೆಯುವ, ಆರಿಸುವ ಕ್ರಮವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಟಿವಿ ಪಕ್ಕ ನಿಲ್ಲಿಸಿ. ಅಣ್ಣನ ಮನೆಯ ರಟ್ಟಿನಲ್ಲಿ ಆರೇ ಸಾಲುಗಳಿವೆ. ಅದನ್ನು ಇಟ್ಟ ಮೇಲೆ ಅವನು ನನಗೆ ಫೋನು ಮಾಡುವುದು ಆಟದ ವಿಷಯ ಹೇಳುವುದಕ್ಕೆ ಮಾತ್ರ.

ಏಳನೆಯ ಹೆಜ್ಜೆ: ಮೊದಲ ನಾಲ್ಕು ವಾರ

ಹೊಸಬರಿಗೆ ಅತ್ಯಂತ ಕಷ್ಟವಾದದ್ದು ಎರಡು ಕಡ್ಡಿಗಳನ್ನು ಏಕಕಾಲಕ್ಕೆ ಆಡಿಸುವುದು. ಎಡಗಡ್ಡಿ ನಡೆಸುತ್ತದೆ, ಬಲಗಡ್ಡಿ ನೋಟ ತಿರುಗಿಸುತ್ತದೆ. ಚಿಕ್ಕಂದಿನಿಂದ ಆಡಿದವರಿಗೆ ಇದು ಕಷ್ಟವೆಂಬುದೇ ತಿಳಿಯದು; ಅದಕ್ಕೇ ಅವರು ಹೇಳಿಕೊಡುವಾಗ ತಾಳ್ಮೆ ಕಳೆದುಕೊಳ್ಳುತ್ತಾರೆ. ಸೈಕಲ್ ಕಲಿಸುವಾಗ ಮೊದಲು ಇಳಿಜಾರಿನಲ್ಲಿ ಬರಿಯ ಹ್ಯಾಂಡಲ್ ಹಿಡಿಯಲು ಕೊಡುತ್ತೇವಲ್ಲ, ಇಲ್ಲೂ ಹಾಗೆಯೇ.

ಮೊದಲ ವಾರ ಎಡಗಡ್ಡಿ ಮತ್ತು ಒಂದೇ ಒಂದು ಗುಂಡಿ. ಎಡದಿಂದ ಬಲಕ್ಕೆ ಸಾಗುವ ಆಟ, ಅಥವಾ ತಾನಾಗಿ ಓಡುವ ಕಾರು. ದಿನಕ್ಕೆ ಇಪ್ಪತ್ತು ನಿಮಿಷ, ಬೆಳಕಿರುವ ಕೋಣೆಯಲ್ಲಿ. ಗೆಲ್ಲುವ ಮಾತು ಬೇಡ. ಎರಡನೆಯ ವಾರ ಇನ್ನೊಂದು ಗುಂಡಿ.

ಮೂರನೆಯ ವಾರ ಎರಡನೆಯ ಕಂಟ್ರೋಲರನ್ನು ತೆಗೆಯಿರಿ. ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್ 5 ಎರಡರಲ್ಲೂ ಎರಡು ಕಂಟ್ರೋಲರುಗಳನ್ನು ಒಂದೇ ಆಟಗಾರನದಾಗಿ ಬೆಸೆಯುವ ಸೌಲಭ್ಯವಿದೆ. ಅಜ್ಜಿ ಎಡಗಡ್ಡಿಯಿಂದ ನಡೆಯುತ್ತಾಳೆ, ಮೊಮ್ಮಗ ತನ್ನ ಕೈಯಲ್ಲಿರುವುದರಿಂದ ನೋಟ ತಿರುಗಿಸುತ್ತಾನೆ. ಹಿರಿಯರಿಗೆ ಇದಕ್ಕಿಂತ ದೊಡ್ಡ ಸಹಾಯ ಕನ್ಸೋಲಿನಲ್ಲಿ ಬೇರೆ ಇಲ್ಲ, ಆದರೂ ಇದನ್ನು ಬಳಸುವವರು ಬಹಳ ಕಡಿಮೆ. ನಾನು ಕಲಿತದ್ದು ಹೀಗೆಯೇ. ಎಂಟನೆಯ ದಿನ ಮೊಮ್ಮಗ ನೀರು ಕುಡಿಯಲು ಎದ್ದು ಹೋದಾಗ ನೋಟ ತಿರುಗಿಸುತ್ತಿದ್ದುದು ನಾನೇ ಎಂಬುದು ಅವನು ವಾಪಸ್ ಬಂದ ಮೇಲೆ ಗೊತ್ತಾಯಿತು. ಸ್ವಿಚ್ ಇರುವವರು ಈ ವಾರ ಇಬ್ಬರು ಕೂಡಿ ಆಡುವ ಆಟ ಹಾಕಿಕೊಳ್ಳಿ.

ಕಲಿಸುವವರಿಗೆ ಒಂದೇ ಕಟ್ಟಳೆ: ಕಂಟ್ರೋಲರ್ ಕಿತ್ತುಕೊಳ್ಳಬೇಡಿ. "ಕೊಡಿ, ನಾನು ದಾಟಿಸಿಕೊಡುತ್ತೇನೆ" ಎಂಬ ಮಾತು ಎಷ್ಟು ಪ್ರೀತಿಯಿಂದ ಬಂದರೂ ಕಲಿಯುವವರ ಕೈಯನ್ನು ಕಟ್ಟಿಹಾಕುತ್ತದೆ. ಕೇಳಿದಾಗ ಮಾತ್ರ ಹೇಳಿ, ಅದೂ ಬಾಯಿಂದ.

ನಾಲ್ಕನೆಯ ವಾರದ ಹೊತ್ತಿಗೆ ಯಾವ ಆಟಕ್ಕೆ ಕೈ ತಾನಾಗಿ ಹೋಗುತ್ತದೆಂದು ಕಾಣುತ್ತದೆ. ಎರಡನೆಯ ಆಟವನ್ನು ಅದನ್ನು ನೋಡಿ ಕೊಳ್ಳಿ. ತಲೆ ಸುತ್ತಿದರೆ, ಕಣ್ಣು ಉರಿದರೆ, ಮಣಿಕಟ್ಟು ಸೆಳೆದರೆ ಆ ದಿನಕ್ಕೆ ಸಾಕು. ನೋವು ಎರಡು ದಿನ ಉಳಿದರೆ ವೈದ್ಯರಿಗೆ ತೋರಿಸಿ.

ಗುಡುಗು, ಥಂಡಿ, ಇರುವೆ

ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿನ ಕಾಲದಲ್ಲಿ ಆಕಾಶ ಕಪ್ಪಾದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಬೋರ್ಡ್ ಆರಿಸಿದರೆ ಸಾಲದು. ಡಿಶ್‌ನ ತಂತಿ ಟಿವಿಯ ಮೂಲಕ, ನೆಟ್‌ನ ತಂತಿ ನೇರವಾಗಿ ಸಿಡಿಲನ್ನು ಒಳಗೆ ತರಬಲ್ಲವು, ಆದ್ದರಿಂದ ಎಚ್‌ಡಿಎಂಐ ತಂತಿಯನ್ನೂ ನೆಟ್‌ನ ತಂತಿಯನ್ನೂ ತೆಗೆಯಿರಿ.

ಆರಿದ್ರಾ ಹಿಡಿದ ಮೇಲೆ ಮಲೆನಾಡಿನ ಗೋಡೆಗಳೇ ಬೆವರುತ್ತವೆ. ಯಂತ್ರವನ್ನು ಗೋಡೆಗೆ ತಾಗಿಸದೆ, ಮುಚ್ಚಿದ ಬೀರುವಿನಲ್ಲೂ ಇಡದೆ, ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಆಡಲು ಮನಸ್ಸಿಲ್ಲದಿದ್ದರೂ ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ. ಡಿಸ್ಕ್‌ಗಳನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಸಣ್ಣ ಕೆಂಪಿರುವೆಗಳು ಗಾಳಿಯ ಕಿಂಡಿಯಿಂದ ಒಳಗೆ ಗೂಡು ಕಟ್ಟುವುದುಂಟು. ಅದಕ್ಕೆ ಔಷಧಿ ಸಿಂಪಡಿಸಬೇಡಿ. ಯಂತ್ರವಿಟ್ಟ ಮೇಜಿನ ನಾಲ್ಕು ಕಾಲುಗಳನ್ನು, ಹಾಲಿನ ಗೂಡಿಗೆ ಮಾಡುತ್ತಿದ್ದಂತೆ, ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಮೇಜಿನಿಂದ ಗೋಡೆಗೆ ಹೋಗುವ ತಂತಿಯನ್ನು ಮರೆಯಬೇಡಿ, ಇರುವೆಗಳಿಗೆ ಅದೇ ಸೇತುವೆ. ಆಟ ಮುಗಿದ ಮೇಲೆ ಅದನ್ನು ಸುತ್ತಿ ಮೇಜಿನ ಮೇಲೆಯೇ ಇಡಿ.